ಗ್ರಾಹಕ, ಬೆಲೆ ಮತ್ತು ವಿಶ್ವಾಸ

ಹೊಸ ಉದ್ಯಮವೊಂದು ಬೆಳೆಯಬೇಕಾದರೆ ಮೂರು ಕಾರ್ಯಗಳು ಏಕಕಾಲಕ್ಕೆ ಸಾಗಬೇಕು: ಗ್ರಾಹಕರನ್ನು ಸಂಪಾದಿಸುವುದು, ಯೋಗ್ಯ ಬೆಲೆಯನ್ನು ಗೊತ್ತುಪಡಿಸುವುದು, ಬಂದವರನ್ನು ಉಳಿಸಿಕೊಳ್ಳುವುದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊನೆಯದು ಸದ್ದಿಲ್ಲದೆ ನಡೆಯುತ್ತದೆ. ಆದುದರಿಂದಲೇ ಅನೇಕರು ಮೊದಲನೆಯದಕ್ಕೆ ಮನಸೋತು ಕೊನೆಯದನ್ನು ಮರೆಯುತ್ತಾರೆ.

ಇದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ನಿದರ್ಶನವುಂಟು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ವಿಮಾನಸೇವೆಯನ್ನು ಆರಂಭಿಸಿದರು. ಉಚಿತ ಊಟೋಪಚಾರವನ್ನು ಕೈಬಿಟ್ಟು ಖರ್ಚನ್ನು ತಗ್ಗಿಸಿದರು. ಹುಬ್ಬಳ್ಳಿಯಂಥ ಊರುಗಳಿಗೆ ವಿಮಾನವನ್ನು ಕೊಂಡೊಯ್ದರು. ಕೆಲವು ಆಸನಗಳನ್ನು ಒಂದು ರೂಪಾಯಿಗೂ ಮಾರಿದರು. ಆಕಾಶವನ್ನು ನೆಲದಿಂದಲೇ ನೋಡುತ್ತಿದ್ದ ಸಾಮಾನ್ಯನು ವಿಮಾನದ ಮೆಟ್ಟಿಲೇರಿದನು. ಈ ಸಾಧನೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಮೆಟ್ಟಿಲೇರಿದವನು ಮರಳಿ ಬರುವನೇ ಎಂಬುದು ಬೇರೆಯ ಪ್ರಶ್ನೆ. ವಿಮಾನಗಳೂ ಮಾರ್ಗಗಳೂ ಭರದಿಂದ ಹೆಚ್ಚಿದವು. ವಿಳಂಬದ ದೂರುಗಳೂ ಹೆಚ್ಚಿದವು. ಇಂಧನದ ಬೆಲೆ ಏರಿತು, ಪೈಪೋಟಿಯಿಂದಾಗಿ ದರವನ್ನು ಏರಿಸುವುದು ಕಷ್ಟವಾಯಿತು. ನಷ್ಟದ ಭಾರದಲ್ಲಿ 2007ರಲ್ಲಿ ಸಂಸ್ಥೆಯ ಪಾಲು ಕಿಂಗ್‌ಫಿಷರ್ ಒಡೆಯರ ಕೈಸೇರಿತು; 2008ರಲ್ಲಿ ಸೇವೆಯ ಹೆಸರು ಕಿಂಗ್‌ಫಿಷರ್ ರೆಡ್ ಎಂದಾಯಿತು. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳ ಹಾರಾಟವೇ ನಿಂತಿತು.

2006ರಲ್ಲಿ ಹಾರಾಟಕ್ಕಿಳಿದ ಇಂಡಿಗೋ ಸಂಸ್ಥೆಯೂ ಅಗ್ಗದ ದರವನ್ನೇ ನೆಚ್ಚಿತ್ತು. ಆದರೆ ಅದು ಮೊದಲ ವರ್ಷಗಳಲ್ಲಿ ಒಂದೇ ಬಗೆಯ ವಿಮಾನಗಳನ್ನು ಇಟ್ಟುಕೊಂಡು ದುರಸ್ತಿಯ, ತರಬೇತಿಯ ವೆಚ್ಚವನ್ನು ಹಿಡಿತದಲ್ಲಿರಿಸಿತು. ಹೊತ್ತಿಗೆ ಸರಿಯಾಗಿ ಹೊರಡುವುದನ್ನೇ ತನ್ನ ಹೆಗ್ಗಳಿಕೆಯಾಗಿ ಮಾಡಿಕೊಂಡಿತು. ಅಗ್ಗದ ದರವು ಇಬ್ಬರಲ್ಲಿಯೂ ಇತ್ತು. ವ್ಯತ್ಯಾಸವಿದ್ದುದು ದರದ ಹಿಂದಣ ವ್ಯವಸ್ಥೆಯಲ್ಲಿ.

ಇದರಿಂದ ತಿಳಿಯಬೇಕಾದುದಿಷ್ಟು: ಕಡಿಮೆ ಬೆಲೆಯು ಬಾಗಿಲನ್ನು ತೆರೆಯುತ್ತದೆ, ಮನೆಯನ್ನು ನಡೆಸುವುದಿಲ್ಲ. ಬೆಲೆಗಾಗಿಯೇ ಬಂದವನು ಇನ್ನೂ ಕಡಿಮೆ ಬೆಲೆಯ ಕಡೆಗೆ ಹೊರಟುಹೋಗುತ್ತಾನೆ. ಸೇವೆಯನ್ನು ನಂಬಿದವನು ನಾಲ್ಕು ಕಾಸು ಹೆಚ್ಚಾದರೂ ನಿಲ್ಲುತ್ತಾನೆ, ನೆರೆಯವನನ್ನೂ ಕರೆತರುತ್ತಾನೆ. ಹಾಗೆಂದು ಬೆಲೆಯನ್ನು ಮನಬಂದಂತೆ ಏರಿಸುವುದೂ ಜಾಣತನವಲ್ಲ. ವೆಚ್ಚವನ್ನು ತುಂಬಿ ಅಲ್ಪ ಲಾಭವನ್ನುಳಿಸುವ ಬೆಲೆ, ಕೊಟ್ಟ ಮಾತಿಗೆ ತಪ್ಪದ ಸೇವೆ, ಸೇವೆಯ ಶಕ್ತಿಯನ್ನು ಮೀರದ ವಿಸ್ತರಣೆ—ಇವು ಒಂದೇ ತಕ್ಕಡಿಯಲ್ಲಿ ತೂಗಬೇಕು.

ಇಂದು ಶಾಲೆಯ ಹಲಗೆಯ ಮೇಲೆ ಲಾಭನಷ್ಟದ ಲೆಕ್ಕವನ್ನು ಬಿಡಿಸುವ ಮಕ್ಕಳು ನಾಳೆ ಉದ್ಯಮಗಳನ್ನು ಕಟ್ಟುವವರು. ಎಷ್ಟು ಜನ ಬಂದರೆಂದು ಎಣಿಸುವ ಮುನ್ನ ಎಷ್ಟು ಜನ ಮರಳಿ ಬಂದರೆಂದು ಎಣಿಸುವ ಅಭ್ಯಾಸವು ಅವರಿಗೆ ಈಗಲೇ ಮೂಡಲಿ.