ಮುಚ್ಚಳಿಕೆ ಬರೆಸಿ ಕಳಿಸಿದರೆ ಮುಗಿಯಿತೇ?

ನಮ್ಮ ಸೂಪಾ ಸೀಮೆಯ ಮಹಿಳಾ ಸಂಘಗಳ ಸಭೆಯಲ್ಲಿ ಪೊಲೀಸರ ಮಾತು ಬಂದಾಗಲೆಲ್ಲ ನನಗೆ ಕೇಳಿಬರುವ ದೂರು ಒಂದೇ: "ಸಾಹೇಬರು ಅವನನ್ನು ಒಳಗೆ ಹಾಕಲಿಲ್ಲ, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಟ್ಟರು." ಒಳಗೆ ಹಾಕಬೇಕಿತ್ತು ಎಂದು ನಾವೆಲ್ಲ ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಆ ಮುಚ್ಚಳಿಕೆಯಲ್ಲಿ ಏನು ಬರೆದಿತ್ತು, ಅದನ್ನು ಯಾರು ಓದಿ ಹೇಳಿದರು, ಅದರ ಪ್ರತಿ ನಮ್ಮ ಹುಡುಗಿಯ ಕೈಯಲ್ಲಿದೆಯೇ ಎಂದು ಕೇಳಿದರೆ ಸಭೆಯಲ್ಲಿ ಉತ್ತರವಿಲ್ಲ.

ನಾನು ಕಾನೂನು ಓದಿದವಳಲ್ಲ. ದಾಂಡೇಲಿಯಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಹಲವು ತಾಯಂದಿರ ಜೊತೆ ಠಾಣೆಯ ಬೆಂಚಿನ ಮೇಲೆ ಕೂತು ನನಗೆ ಮನವರಿಕೆಯಾದ ಒಂದು ಮಾತನ್ನು ಇಲ್ಲಿ ಹೇಳಬಯಸುತ್ತೇನೆ. ವರದಕ್ಷಿಣೆಯ ವಿಷಯದಲ್ಲಿ ಪೊಲೀಸರ ಅತಿ ದೊಡ್ಡ ಕೆಲಸ ಬರೆಯುವುದು. ಬಂಧನ ಆಮೇಲಿನದು, ಶಿಕ್ಷೆ ಅದಕ್ಕೂ ಆಮೇಲಿನದು. ಮೊದಲ ದಿನ ಠಾಣೆಯಲ್ಲಿ ಬರೆದದ್ದೇ ಕೊನೆಯ ದಿನ ನ್ಯಾಯಾಲಯದಲ್ಲಿ ನಮ್ಮ ಪರ ನಿಲ್ಲಬೇಕು. ಬರೆಯದೆ ಬಿಟ್ಟದ್ದು ನಡೆದೇ ಇಲ್ಲ ಎಂದಾಗುತ್ತದೆ.

ನಾನು ನೋಡಿದ ಮುಚ್ಚಳಿಕೆಗಳೆಲ್ಲ ಒಂದೇ ಅಚ್ಚಿನವು. ಇನ್ನು ಮುಂದೆ ಹೆಂಡತಿಯೊಂದಿಗೆ ಅನ್ಯೋನ್ಯವಾಗಿ ಬಾಳುತ್ತೇನೆ, ತಂಟೆ ತಕರಾರು ಮಾಡುವುದಿಲ್ಲ, ತಪ್ಪಿದರೆ ಕಾನೂನು ಕ್ರಮಕ್ಕೆ ಬದ್ಧ ಎಂದು ಗಂಡ ಸಹಿ ಮಾಡುತ್ತಾನೆ. ಕೆಳಗೆ ಹೆಂಡತಿಯ ಸಹಿ ಅಥವಾ ಹೆಬ್ಬೆಟ್ಟು. "ಇನ್ನು ಮುಂದೆ" ಎಂಬುದರ ಬಗ್ಗೆ ಎಲ್ಲ ಇದೆ. "ಇಲ್ಲಿಯ ತನಕ" ಏನು ನಡೆಯಿತು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಎಷ್ಟು ಹಣ ಕೇಳಿದ, ಯಾವಾಗ ಕೇಳಿದ, ಯಾರೆದುರು ಹೊಡೆದ, ಏನೂ ಇಲ್ಲ. ವರದಕ್ಷಿಣೆ ಎಂಬ ಶಬ್ದವೇ ಇರುವುದಿಲ್ಲ. ಅದರ ಜಾಗದಲ್ಲಿ "ಕೌಟುಂಬಿಕ ಮನಸ್ತಾಪ" ಎಂದು ಇರುತ್ತದೆ.

ಇದರಿಂದ ಆಗುವ ಹಾನಿ ತಿಳಿಯಬೇಕಾದರೆ ಕಾನೂನು ಏನು ಕೇಳುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯ ಅಪರಾಧವೆಂದು 498ಎ ಕಲಮು ಸೇರಿದ್ದು 1983ರಲ್ಲಿ. ವರದಕ್ಷಿಣೆ ಸಾವಿನ 304ಬಿ ಕಲಮು ಸೇರಿದ್ದು 1986ರಲ್ಲಿ. ಇದಕ್ಕಾಗಿ ಮಹಿಳಾ ಸಂಘಟನೆಗಳು ದೇಶದ ಉದ್ದಗಲಕ್ಕೂ ಬೀದಿಗಿಳಿದಿದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಕ್ರೌರ್ಯ 85 ಮತ್ತು 86ನೇ ಕಲಮಿಗೂ ವರದಕ್ಷಿಣೆ ಸಾವು 80ನೇ ಕಲಮಿಗೂ ಹೋಗಿವೆ. ನಂಬರು ಬದಲಾಯಿತು, ತಿರುಳು ಅದೇ.

ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಸುಟ್ಟೋ, ಗಾಯವಾಗಿಯೋ, ಅಸಹಜವಾಗಿಯೋ ಸತ್ತಿರಬೇಕು. "ಸಾವಿಗೆ ಸ್ವಲ್ಪ ಮೊದಲು" ವರದಕ್ಷಿಣೆಗಾಗಿ ಅವಳನ್ನು ಹಿಂಸಿಸಿದ್ದು ತೋರಬೇಕು. ಇಷ್ಟು ತೋರಿಸಿದರೆ ಗಂಡನ ಮನೆಯವರೇ ಸಾವಿಗೆ ಕಾರಣರೆಂದು ನ್ಯಾಯಾಲಯ ಭಾವಿಸಬೇಕು. ಅಲ್ಲವೆಂದು ರುಜುವಾತು ಮಾಡುವ ಹೊರೆ ಅವರದು. ಕನಿಷ್ಠ ಶಿಕ್ಷೆ 7 ವರ್ಷ, ಗರಿಷ್ಠ ಜೀವಾವಧಿ. ಸ್ವಲ್ಪ ಮೊದಲು ಎಂದರೆ ಸಾವಿನ ಹಿಂದಿನ ಗಳಿಗೆ ಎಂದಲ್ಲ, ಹಿಂಸೆಗೂ ಸಾವಿಗೂ ಕಡಿಯದ ಸಂಬಂಧ ಕಂಡರೆ ಸಾಕು ಎಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಸತ್ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮನೆ ಕಟ್ಟಲು ಹಣ ತಾ ಎನ್ನುವುದೂ ವರದಕ್ಷಿಣೆಯೇ ಎಂದು 2022ರಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಹೇಳಿದೆ.

ಅಂದರೆ ಕಾನೂನು ನಮ್ಮ ಕಡೆಗೆ ಸಾಕಷ್ಟು ವಾಲಿದೆ. ಆದರೆ ಆ "ಸ್ವಲ್ಪ ಮೊದಲು" ನಡೆದದ್ದನ್ನು ತೋರಿಸುವುದು ಹೇಗೆ? ಸತ್ತವಳು ಬಂದು ಹೇಳುವುದಿಲ್ಲ. ತಾಯಿ ತಂದೆ ಹೇಳಿದರೆ, ಮಗಳು ಸತ್ತ ಮೇಲೆ ಹುಟ್ಟಿದ ಮಾತು ಎನ್ನುತ್ತಾರೆ. ಆಗ ಉಳಿಯುವುದು ಅವಳು ಬದುಕಿದ್ದಾಗ ಠಾಣೆಗೆ ಹೋಗಿ ಕೊಟ್ಟ ಕಾಗದ. ಆ ಕಾಗದದಲ್ಲಿ ವರದಕ್ಷಿಣೆಯ ಮಾತೇ ಇಲ್ಲದಿದ್ದರೆ, ಅದು ನಮ್ಮ ಸಾಕ್ಷಿಯಾಗುವ ಬದಲು ಅವರ ಸಾಕ್ಷಿಯಾಗುತ್ತದೆ.

ಇದು ನಾನು ಕಣ್ಣಾರೆ ಕಂಡದ್ದು. ಊರು, ಠಾಣೆ ಯಾವುದೆಂದು ಹೇಳುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳ ತಂಗಿ, ಮದುವೆಯಾದ ಮೂರು ವರ್ಷದಲ್ಲಿ ಎರಡು ಸಲ ತವರಿಗೆ ಬಂದಿದ್ದಳು. ಮೋಟರ್ ಸೈಕಲ್ಲಿಗೆ ಹಣ ತಾ ಎಂಬ ಹಟ ಗಂಡನದು. ಎರಡನೆಯ ಸಲ ಅವಳನ್ನು ಠಾಣೆಗೆ ಕರೆದೊಯ್ದರು. ಅಲ್ಲಿ ಎರಡೂ ಕಡೆಯವರನ್ನು ಕೂರಿಸಿ, ಬುದ್ಧಿ ಹೇಳಿ, ಮುಚ್ಚಳಿಕೆ ಬರೆಸಿ ಕಳಿಸಿದರು. ಆರು ತಿಂಗಳಿಗೆ ಹುಡುಗಿ ಬಾವಿಯಲ್ಲಿ ಸಿಕ್ಕಳು. ಮೊಕದ್ದಮೆ ನಡೆಯಿತು. ಆರೋಪಿಗಳ ಪರ ವಕೀಲರು ಆ ಮುಚ್ಚಳಿಕೆಯನ್ನೇ ತಾಯಿಯ ಮುಂದೆ ಹಿಡಿದು, "ಮೋಟರ್ ಸೈಕಲ್ಲಿನ ಮಾತು ಇದರಲ್ಲಿ ಎಲ್ಲಿದೆ, ತೋರಿಸಮ್ಮ" ಎಂದು ಕೇಳಿದರು. ಅಕ್ಷರ ಬಾರದ ಆ ತಾಯಿ ಏನು ತೋರಿಸಿಯಾಳು? ಆರೋಪಿಗಳು ಬಿಡುಗಡೆಯಾದರು.

ನಮ್ಮ ಜೋಯಿಡಾ ತಾಲ್ಲೂಕಿನಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಸೂಪಾ ಊರು ಕಾಳಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ಜನ ರಾಮನಗರಕ್ಕೂ ಅಲ್ಲಿ ಇಲ್ಲಿಗೂ ಚದುರಿ ಹೋದ ತಾಲ್ಲೂಕು ಇದು. ವಿಸ್ತೀರ್ಣದಲ್ಲಿ ರಾಜ್ಯದ ದೊಡ್ಡ ತಾಲ್ಲೂಕುಗಳಲ್ಲಿ ಒಂದು, ಜನಸಂಖ್ಯೆ ಮಾತ್ರ 2011ರ ಗಣತಿಯಂತೆ ಸುಮಾರು 50 ಸಾವಿರ. ಡಿಗ್ಗಿಯ ಕಡೆಯ ಹೆಂಗಸು ಠಾಣೆಗೆ ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಎಸ್ಪಿ ಸಾಹೇಬರ ಕಚೇರಿ ಘಟ್ಟದ ಕೆಳಗೆ ಕಾರವಾರದಲ್ಲಿ. ಮೇಲಾಗಿ ನಮ್ಮಲ್ಲಿ ಕುಣಬಿಯರು, ಗೌಳಿಗರು, ಸಿದ್ದಿಯರು, ಮರಾಠರು ಮನೆಯಲ್ಲಿ ಆಡುವುದು ಕೊಂಕಣಿ, ಮರಾಠಿ. ಠಾಣೆಯಲ್ಲಿ ಬರೆಯುವುದು ಕನ್ನಡ, ಅದೂ ಠಾಣೆಯದೇ ಕನ್ನಡ. ಹೆಂಗಸು ಕೊಂಕಣಿಯಲ್ಲಿ ಅಳುತ್ತಾ ಹೇಳಿದ್ದು ಕಾಗದದ ಮೇಲೆ "ಮಾನಸಿಕ ಹಾಗೂ ದೈಹಿಕ ಹಿಂಸೆ ನೀಡಿ, ಅವಾಚ್ಯ ಶಬ್ದಗಳಿಂದ ಬೈದು" ಎಂದಾಗುತ್ತದೆ. ಹತ್ತು ಹೆಂಗಸರ ಹತ್ತು ದೂರುಗಳಲ್ಲಿ ಇದೇ ಸಾಲು. ಗಣಪತಿ ಹಬ್ಬದ ಮಾರನೆಯ ದಿನ, ಅತ್ತೆಯ ಎದುರಿಗೆ, ತವರಿನ ಗದ್ದೆ ಮಾರಿ ಹಣ ತಾ ಎಂದು ಕೇಳಿದ್ದು ಎಲ್ಲಿ ಹೋಯಿತು? ನ್ಯಾಯಾಲಯಕ್ಕೆ ಬೇಕಾದದ್ದು ಅದೇ. ಬರೆದುಕೊಂಡ ದೂರನ್ನು ದೂರುದಾರಳಿಗೆ ಓದಿ ಹೇಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂಬುದು ಕಾನೂನು. ಅವಳಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ ಎಂದು ಕೇಳುವುದು ಉದ್ಧಟತನವಲ್ಲ.

ಇನ್ನು ಸಾವಾದ ಮೇಲಿನ ಬರವಣಿಗೆ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಸುಟ್ಟು ಬಂದ ಹೆಂಗಸರ ಪಕ್ಕ ಕೂತು, ಪೊಲೀಸ್ ಕಾಗದಗಳನ್ನು ಒಂದೊಂದಾಗಿ ನೋಡಿದರು. ಎಷ್ಟೋ ಸಾವುಗಳು "ಸ್ಟೋವ್ ಸಿಡಿದು ಆಕಸ್ಮಿಕ" ಎಂದು ಬರೆಸಿಕೊಂಡು ಮುಚ್ಚಿಹೋಗಿದ್ದವು. ಸ್ಟೋವುಗಳು ಸೊಸೆಯಂದಿರನ್ನೇ ಆರಿಸಿ ಸಿಡಿಯುತ್ತವೆಯೇ ಎಂದು ಅವರು ಕೇಳಿದ ಮೇಲೆಯೇ ಸರ್ಕಾರ ಕಣ್ಣು ತೆರೆದದ್ದು. ಇಂದು ಸ್ಟೋವ್ ಕಡಿಮೆಯಾಗಿದೆ. ಅಸ್ವಾಭಾವಿಕ ಮರಣ ಎಂದು ಯುಡಿಆರ್ ಬರೆದು ಮುಗಿಸುವ ಅಭ್ಯಾಸ ಕಡಿಮೆಯಾಗಿಲ್ಲ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವಿನ ಪ್ರಕರಣಗಳು ದಾಖಲಾದವು. ದಾಖಲಾಗದೆ ಯುಡಿಆರ್‌ನಲ್ಲೇ ಉಳಿದವು ಈ ಲೆಕ್ಕದಲ್ಲಿ ಸೇರುವುದಿಲ್ಲ.

ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯ ಬರುವಂತೆ ಸತ್ತರೆ, ಪೊಲೀಸರ ತನಿಖೆಯೊಂದೇ ಸಾಲದು, ಮ್ಯಾಜಿಸ್ಟ್ರೇಟರ ವಿಚಾರಣೆಯೂ ನಡೆಯಲೇಬೇಕು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಬರುತ್ತಾರೆ. ಸಾಧ್ಯವಿರುವ ಕಡೆಯೆಲ್ಲ ಅವರು ತವರಿನವರಿಗೆ ತಿಳಿಸಬೇಕು, ಹಾಜರಿರಲು ಬಿಡಬೇಕು. ತವರಿನವರು ಬರುವ ಮೊದಲೇ ಹೆಣ ಸುಡಲು ಅವಸರ ಮಾಡುವ ಮನೆಯ ಬಗ್ಗೆ ಆ ಕ್ಷಣದಲ್ಲೇ ಸಂಶಯ ಹೇಳಬೇಕು. ಪಂಚನಾಮೆಗೆ ನೆರೆಹೊರೆಯ ಇಬ್ಬರಾದರೂ ಮರ್ಯಾದಸ್ಥರು ಇರಬೇಕು ಎನ್ನುತ್ತದೆ ಕಾನೂನು. ಆ ಮರ್ಯಾದಸ್ಥರು ಗಂಡಸರೇ ಆಗಿರಬೇಕು, ಗಂಡನ ಕಡೆಯವರೇ ಆಗಿರಬೇಕು ಎಂದು ಎಲ್ಲಿಯೂ ಹೇಳಿಲ್ಲ. ಸಂಘದ ಇಬ್ಬರು ಹೆಂಗಸರು ಯಾಕೆ ಪಂಚರಾಗಿ ನಿಲ್ಲಬಾರದು? ಹೆಣ್ಣಿನ ಮೈಮೇಲಿನ ಗುರುತುಗಳನ್ನು ಹೆಣ್ಣಲ್ಲದೆ ಇನ್ಯಾರು ಸರಿಯಾಗಿ ನೋಡಿಯಾರು?

ಪೊಲೀಸರ ಕಡೆಯ ಮಾತನ್ನೂ ಕೇಳಬೇಕು. ಠಾಣೆಯಲ್ಲಿ ಜನ ಕಡಿಮೆ, ಕಾಡು ದೊಡ್ಡದು. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ 498ಎ ದೂರು ಬಂದ ತಕ್ಷಣ ಹಿಡಿದು ಒಳಗೆ ಹಾಕಬೇಡಿ, ಅಗತ್ಯವಿದ್ದರೆ ಮಾತ್ರ ಬಂಧಿಸಿ ಎಂದಿದೆ. ನಮ್ಮ ಹುಡುಗಿಯೇ ಎಷ್ಟೋ ಸಲ "ಕೇಸು ಬೇಡ, ಬುದ್ಧಿ ಹೇಳಿ ಸಾಕು, ಮಕ್ಕಳಿವೆ" ಎಂದು ಕೈಮುಗಿಯುತ್ತಾಳೆ. ಇದೆಲ್ಲ ನಿಜ. ಬಂಧಿಸಬೇಡಿ ಎಂದ ನ್ಯಾಯಾಲಯ ಬರೆಯಬೇಡಿ ಎಂದು ಹೇಳಿಲ್ಲ. ಗಂಡನ ಮನೆಗೆ ಮರಳುವುದು ಅವಳ ಇಷ್ಟ, ಅದಕ್ಕೆ ನಾವು ಅಡ್ಡ ಬರಬಾರದು. ಆದರೆ ಮರಳುವವಳ ಹಿಂದೆ ಒಂದು ನಿಜವಾದ ಕಾಗದ ಠಾಣೆಯಲ್ಲಿ ಉಳಿಯಬೇಕು. ರಾಜಿಯ ಕಾಗದದಲ್ಲಿ ಮೊದಲು ನಡೆದದ್ದು, ಆಮೇಲೆ ಒಪ್ಪಿದ್ದು ಎಂದು ಎರಡು ಭಾಗ ಇರಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹತ್ತು ನಿಮಿಷ ಹೆಚ್ಚು ಬರೆಯುವ ಮನಸ್ಸು ಬೇಕು.

ಅರ್ಜಿ ತೆಗೆದುಕೊಂಡು ತಿಂಗಳುಗಟ್ಟಲೆ "ವಿಚಾರಣೆಯಲ್ಲಿದೆ" ಎನ್ನುವುದಕ್ಕೂ ಈಗ ಆಸ್ಪದವಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಇಂಥ ದೂರಿನಲ್ಲಿ ಪ್ರಾಥಮಿಕ ವಿಚಾರಣೆ ಮಾಡಬೇಕೆಂದರೆ ಡಿವೈಎಸ್ಪಿಯವರ ಅನುಮತಿ ಬೇಕು, 14 ದಿನದಲ್ಲಿ ಮುಗಿಸಬೇಕು. ಠಾಣೆಯವರು ದೂರು ದಾಖಲಿಸದಿದ್ದರೆ ಎಸ್ಪಿಯವರಿಗೆ ಬರೆದು ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. "ಗಂಡನ ಮನೆ ಖಾನಾಪುರದಲ್ಲಿದೆ, ಅಲ್ಲಿಗೇ ಹೋಗಿ" ಎಂದರೆ ಒಪ್ಪಬೇಡಿ. ಹೊಡೆಸಿಕೊಂಡು ತವರಿಗೆ ಬಂದವಳು ತವರಿನ ಠಾಣೆಯಲ್ಲೇ ದೂರು ಕೊಡಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕೇಸು ಬೇಡ ಎನ್ನುವವಳಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ. ಅದರಡಿ ನಮ್ಮ ರಾಜ್ಯದಲ್ಲಿ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಈ ದಾರಿ ಇದೆ, ಉಚಿತ ಕಾನೂನು ನೆರವು ಇದೆ ಎಂದು ಹೇಳುವುದು ಪೊಲೀಸರ ಕರ್ತವ್ಯ ಎಂದು ಅದೇ ಕಾಯ್ದೆಯಲ್ಲಿ ಬರೆದಿದೆ.

ಸಹೋದರಿಯರೇ, ಪೊಲೀಸರಿಗೆ ಬರೆಯಿರಿ ಎನ್ನುವ ನಾವು ನಮ್ಮ ಕಡೆಯಿಂದ ಬರೆಯುತ್ತಿದ್ದೇವೆಯೇ? ವಾರ ವಾರವೂ ನಾವು ಸಂಘದ ನಡಾವಳಿ ಪುಸ್ತಕ ಬರೆಯುತ್ತೇವೆ. ಉಳಿತಾಯ ಎಷ್ಟು, ಸಾಲ ಯಾರಿಗೆ, ಕಂತು ಬಾಕಿ ಎಷ್ಟು ಎಂದು ಪೈಸೆ ಪೈಸೆಗೂ ಲೆಕ್ಕ ಇಡುತ್ತೇವೆ. ಆದರೆ ಅಳಿಯನ ಬೇಡಿಕೆ ತೀರಿಸಲು ತಾಯಿ ಪಡೆದ ಸಾಲ ಪುಸ್ತಕದಲ್ಲಿ "ಮನೆ ಖರ್ಚು" ಎಂದೋ "ಆಕಳು ಖರೀದಿ" ಎಂದೋ ಇರುತ್ತದೆ! ಮರ್ಯಾದೆಗೆ ಅಂಜಿ ಸುಳ್ಳು ಬರೆಸುತ್ತೇವೆ. ಆ ಒಂದು ಸಾಲು ನಿಜವಾಗಿದ್ದರೆ, ತಾರೀಖು ಸಮೇತ ಹತ್ತು ಹೆಂಗಸರ ಸಹಿಯ ಸಾಕ್ಷಿಯಾಗುತ್ತಿತ್ತು. ಸದಸ್ಯೆಯೊಬ್ಬಳು ತನ್ನ ಮಗಳ ಕಷ್ಟ ಹೇಳಿಕೊಂಡಾಗ, ಅವಳು ಒಪ್ಪಿದರೆ, ಅದನ್ನು ಅಂದಿನ ನಡಾವಳಿಯಲ್ಲಿ ಅವಳದೇ ಮಾತಿನಲ್ಲಿ ಬರೆದಿಡಿ.

ಕೊಟ್ಟವರಿಗೂ ಶಿಕ್ಷೆಯಲ್ಲವೇ ಎಂದು ಹಲವರು ಹೆದರುತ್ತಾರೆ. ಕೊಡುವುದೂ ಅಪರಾಧ ಎಂಬುದು ಹೌದು. ಆದರೆ ಅನ್ಯಾಯಕ್ಕೆ ಒಳಗಾದವರು ಕೊಟ್ಟ ಹೇಳಿಕೆಯ ಕಾರಣಕ್ಕೆ ಅವರ ಮೇಲೆಯೇ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು ಅದರ 7ನೇ ಕಲಮು ಹೇಳುತ್ತದೆ. ಇದನ್ನು ನಿಮ್ಮ ಸಂಘದಲ್ಲಿ ಎಲ್ಲರಿಗೂ ಓದಿ ಹೇಳಿ.

2025ರ ಜುಲೈನಲ್ಲಿ ರಾಜ್ಯ ಸರ್ಕಾರ "ಮನೆ ಮನೆಗೆ ಪೊಲೀಸ್" ಎಂಬ ಕಾರ್ಯಕ್ರಮ ಶುರು ಮಾಡಿದೆ. ಬೀಟಿನ ಪೊಲೀಸರು ನಿಮ್ಮ ಊರಿಗೆ ಬಂದಾಗ ಚಹಾ ಕೊಟ್ಟು ಕಳಿಸಬೇಡಿ. ಸಂಘದ ಸಭೆಗೆ ಕರೆಯಿರಿ. ನಮ್ಮ ಹುಡುಗಿಯರ ದೂರನ್ನು ಹೇಗೆ ಬರೆಯುತ್ತೀರಿ, ಮುಚ್ಚಳಿಕೆಯಲ್ಲಿ ಏನು ಸೇರಿಸುತ್ತೀರಿ ಎಂದು ಕೇಳಿ. ಹುಡುಗಿ ಠಾಣೆಗೆ ಹೋಗುವ ದಿನ ಓದು ಬಲ್ಲ ಇಬ್ಬರು ಜೊತೆಗೆ ಹೋಗಿ. ಓದಿ ಹೇಳದೆ ಸಹಿ ಹಾಕಿಸಬೇಡಿ, ಪ್ರತಿ ಕೈಗೆ ಬಾರದೆ ಬೆಂಚು ಬಿಟ್ಟು ಏಳಬೇಡಿ. ಆ ಒಂದು ಹಾಳೆಯನ್ನು ಸಂಘದ ಪೆಟ್ಟಿಗೆಯಲ್ಲಿ, ಪಾಸ್‌ಬುಕ್ಕಿನ ಜೊತೆಗೆ ಇಡಿ. ಅದನ್ನು ಹೊರಗೆ ತೆಗೆಯುವ ಪ್ರಸಂಗ ಯಾರಿಗೂ ಬಾರದಿರಲಿ. ಬಂದರೆ, ನಮ್ಮ ಹುಡುಗಿ ಹೇಳಿದ ಮಾತು ಅದರಲ್ಲಿ ಇರಲಿ.