ಕುಂಚ ಮಗುವಿನ ಕೈಯಲ್ಲೇ ಇರಲಿ

ಚಳಿಗಾಲದ ರಜೆಯಲ್ಲೋ ಹುಟ್ಟುಹಬ್ಬದಲ್ಲೋ ನಮ್ಮ ಎಲಿಕಾಟ್ ಸಿಟಿಯ ಮನೆಗಳಿಗೆ ಒಂದು ಉಡುಗೊರೆ ಬರುತ್ತದೆ. ಪೆಟ್ಟಿಗೆಯೊಳಗೆ ಬಣ್ಣ ಹಚ್ಚದ ಬಿಳಿ ಪ್ಲಾಸ್ಟಿಕ್ ಕುದುರೆಗಳು, ಪುಟ್ಟ ಬಣ್ಣದ ಡಬ್ಬಿಗಳು, ಒಂದು ಕುಂಚ. ಮುಚ್ಚಳದ ಮೇಲೆ ಅಂದವಾದ ಕಂದು ಕುದುರೆಯ ಚಿತ್ರ. ಮಕ್ಕಳು ಹಳೆಯ ಪೇಪರ್ ಹಾಸಿಕೊಂಡು ಕೂರುತ್ತಾರೆ. ಹತ್ತು ನಿಮಿಷದೊಳಗೆ ಅಪ್ಪ ಅಮ್ಮಂದಿರಾದ ನಾವು ಹಿಂದೆ ಬಂದು ನಿಲ್ಲುತ್ತೇವೆ. "ಅಯ್ಯೋ, ಕುದುರೆ ಎಲ್ಲಾದ್ರೂ ನೀಲಿ ಇರುತ್ತೇನೋ? ಕೊಡು ಇಲ್ಲಿ, ಸರಿ ಮಾಡಿಕೊಡ್ತೀನಿ." ಕುದುರೆ ಚಿತ್ರದಲ್ಲಿರುವಂತೆಯೇ ಆಗುತ್ತದೆ. ಮಗು ಮಾತ್ರ ಎದ್ದು ಟಿವಿ ಮುಂದೆ ಹೋಗಿ ಕೂರುತ್ತದೆ.

ನಾವು ಹೇಳಬೇಕೆಂದಿರುವುದು ಇಷ್ಟೇ: ಆ ಕುಂಚವನ್ನು ಮಗುವಿನ ಕೈಯಲ್ಲೇ ಬಿಡೋಣ.

ಇದು ಬರೀ ಮಕ್ಕಳಾಟವಲ್ಲ. ಅಮೆರಿಕದ ಬ್ರೈಯರ್ ಕುದುರೆಗಳ ಕಥೆ 1950ರಲ್ಲಿ ಶಿಕಾಗೋದಲ್ಲಿ ಶುರುವಾಯಿತು. ಗಡಿಯಾರದ ಅಲಂಕಾರಕ್ಕೆಂದು ಮಾಡಿದ ಕುದುರೆ ಜನರಿಗೆ ಎಷ್ಟು ಹಿಡಿಸಿತೆಂದರೆ, ಗಡಿಯಾರ ಬೇಡ, ಕುದುರೆಯೊಂದೇ ಸಾಕು ಎಂದರು. 1990ರಿಂದ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಇವುಗಳ ಜಾತ್ರೆಯೇ ನಡೆಯುತ್ತಿದೆ. ದೊಡ್ಡವರೂ ಕುದುರೆಗಳನ್ನು ಸಂಗ್ರಹಿಸುತ್ತಾರೆ, ತಾವೇ ಬಣ್ಣ ಬಳಿದು ಸ್ಪರ್ಧೆಗೆ ಇಡುತ್ತಾರೆ. ಅಲ್ಲಿ ತೀರ್ಪುಗಾರರು ನಿಜವಾದ ಕುದುರೆಯಂತೆ ಇದೆಯೇ ಎಂದು ನೋಡುತ್ತಾರೆ.

"ಹಾಗಾದರೆ ನಾವು ತಿದ್ದುವುದರಲ್ಲಿ ತಪ್ಪೇನು?" ಎಂದು ನೀವು ಕೇಳಬಹುದು. ತಪ್ಪು ಇರುವುದು ನಾವು ತೋರಿಸುವ ಮಾದರಿಯಲ್ಲಿ. ನಾವು ತೋರಿಸುವುದು ಮುಚ್ಚಳದ ಚಿತ್ರವನ್ನು, ಕುದುರೆಯನ್ನಲ್ಲ. ಸುಮಾರು ಮೂರು ಗಂಟೆ ಕಾರಿನಲ್ಲಿ ಹೋದರೆ ಅಸಟೀಗ್ ದ್ವೀಪದಲ್ಲಿ ಕಾಡುಕುದುರೆಗಳು ಸಮುದ್ರದ ದಂಡೆಯಲ್ಲೇ ಓಡಾಡುತ್ತವೆ. ದೂರದಿಂದಲೇ ನೋಡಿ, ಒಂದರ ಮಚ್ಚೆ ಇನ್ನೊಂದಕ್ಕಿಲ್ಲ. ಅಷ್ಟು ದೂರ ಬೇಡವೆಂದರೆ ನಮ್ಮ ಮೇನ್ ಸ್ಟ್ರೀಟಿನ ಹಳೆಯ ರೈಲು ನಿಲ್ದಾಣಕ್ಕೆ ಹೋಗಿ. 1830ರಲ್ಲಿ ಬಾಲ್ಟಿಮೋರಿನಿಂದ ಇಲ್ಲಿಗೆ ಹದಿಮೂರು ಮೈಲಿ ರೈಲುಗಾಡಿಗಳನ್ನು ಮೊದಮೊದಲು ಎಳೆದು ತಂದದ್ದು ಕುದುರೆಗಳೇ. ಅದು ಫೋಟೋ ತೆಗೆಯುವ ಕಾಲವಲ್ಲ. ಆ ಕುದುರೆಗಳು ಹೇಗಿದ್ದಿರಬಹುದು ಎಂದು ಮಗುವನ್ನೇ ಕೇಳಿ, ಅದು ಹೇಳಿದ ಬಣ್ಣ ಬಳಿಯಲಿ.

ಹೋದ ದಸರೆಯಲ್ಲಿ ಒಂದು ಮನೆಯ ಗೊಂಬೆ ನೋಡಲು ಹೋಗಿದ್ದೆವು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ನಡುವೆ ಚನ್ನಪಟ್ಟಣದ ಆಟಿಕೆಗಳು, ಕೆಳಗೆ ಮಕ್ಕಳು ಜೋಡಿಸಿದ ಕಾಡು. ಅಲ್ಲಿ ಒಂದು ಪ್ಲಾಸ್ಟಿಕ್ ಮರದ ಹಿಂದೆ ನೇರಳೆ ಬಣ್ಣದ ಕುದುರೆಯೊಂದು ಅಡಗಿತ್ತು. "ಇದು ಯಾರದು ಪುಟ್ಟಿ?" ಎಂದು ಕೇಳಿದೆವು. "ನಂದು. ಆದರೆ ಚೆನ್ನಾಗಿಲ್ಲ. ಮುಂದೆ ಇರೋದು ಅಮ್ಮ ಮಾಡಿದ್ದು," ಎಂದಳು ಏಳು ವರ್ಷದ ಹುಡುಗಿ. ಆ ಮಾತು ನಮ್ಮನ್ನು ಇನ್ನೂ ಚುಚ್ಚುತ್ತಿದೆ. ನಮ್ಮ ಮನೆಗಳಲ್ಲೂ ಹಾಗೆ ಅಡಗಿರುವ ಕುದುರೆಗಳಿವೆ.

ಹಾಗೆಂದು ನಾವು ಕೈಕಟ್ಟಿ ಕೂರಬೇಕಿಲ್ಲ. ಬಣ್ಣ ಹಚ್ಚುವ ಮೊದಲು ಕುದುರೆಯನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಕೊಡೋಣ. ಕೈಯ ಜಿಡ್ಡಿದ್ದರೆ ಬಣ್ಣ ಹಿಡಿಯುವುದಿಲ್ಲ. ಒಮ್ಮೆಲೇ ದಪ್ಪಗೆ ಬಳಿಯದೆ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮತ್ತೊಮ್ಮೆ ಹಚ್ಚುವುದನ್ನು ಕಲಿಸೋಣ. ಪಕ್ಕದಲ್ಲಿ ಕೂತು ಮಾತಾಡೋಣ. ಜೂಲು, ಗೊರಸು, ಮಚ್ಚೆ, ಕುಂಚ... ಈ ಮಾತುಗಳನ್ನು ತರಗತಿಯಲ್ಲಿ ಹತ್ತು ಸಲ ಬರೆಸಿದರೂ ಮರೆಯುವ ಮಕ್ಕಳು, ಕೈಯಲ್ಲಿ ಬಣ್ಣವಿದ್ದಾಗ ಒಂದೇ ಸಲಕ್ಕೆ ಕಲಿಯುತ್ತಾರೆ. ಅವರ ಕನ್ನಡವೂ ಹೀಗೇ ಅಲ್ಲವೇ? ತಪ್ಪಾದಾಗಲೆಲ್ಲ ನಾವೇ ವಾಕ್ಯ ಮುಗಿಸಿಕೊಟ್ಟರೆ ಅವರು ಇಂಗ್ಲಿಷಿಗೆ ಹೊರಳುತ್ತಾರೆ.

ಮಕ್ಕಳೇ, ಬರುವ ದಸರೆಗೆ ನಿಮ್ಮ ಕುದುರೆಗಳನ್ನು ಮರದ ಹಿಂದೆ ಇಡಬೇಡಿ, ಎಲ್ಲರಿಗಿಂತ ಮುಂದೆ ನಿಲ್ಲಿಸಿ. ನೋಡಲು ನಾವು ಬರುತ್ತೇವೆ.