ಲೆಕ್ಕಕ್ಕೆ ಸಿಗದ ಸೈಕಲ್

ಹೋದ ಜೂನ್ ತಿಂಗಳ ಒಂದು ಸಂಜೆ. ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಸೈಕಲ್ ತಳ್ಳಿಕೊಂಡು ಗೇಟಿನೊಳಗೆ ಬಂದಳು. ಮಂಡಿ ತರಚಿತ್ತು, ಮುಂದಿನ ಚಕ್ರ ಸೊಟ್ಟಗಾಗಿತ್ತು. ನನ್ನವಳು ಅರಿಸಿನ ತರಲು ಒಳಗೆ ಓಡಿದಳು. ಮಗ ನಿಂತಲ್ಲೇ ತೀರ್ಪು ಕೊಟ್ಟುಬಿಟ್ಟ: “ನಾಳೆಯಿಂದ ಸೈಕಲ್ ಬೇಡ. ಸ್ಕೂಟರಲ್ಲಿ ನಾನೇ ಬಿಡ್ತೀನಿ.”

ಮಂಡಿ ನೋವಿಗೆ ಬಾರದ ಅಳು ಹುಡುಗಿಗೆ ಆ ಮಾತಿಗೆ ಬಂತು.

“ಎಲ್ಲಿ ಬಿದ್ದೆ ಪುಟ್ಟಿ?” ಎಂದು ಕೇಳಿದೆ.

“ಸರ್ಕಲ್ ಹತ್ರ ತಾತ. ಚರಂಡಿ ಮೇಲೆ ಕಂಬಿ ಹಾಕಿದಾರಲ್ಲ, ಅದರೊಳಗೆ ಚಕ್ರ ಹೋಗ್ಬಿಡ್ತು.”

ಮರುದಿನ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಹೋಗಿ ನೋಡಿದೆ. ರಸ್ತೆಯ ಎಡ ಅಂಚಿನಲ್ಲಿ ಮಳೆನೀರು ಇಳಿಯಲು ಹಾಕಿದ ಕಬ್ಬಿಣದ ಜಾಲರಿ. ಸರಳುಗಳು ರಸ್ತೆಗೆ ಅಡ್ಡವಾಗಿ ಇರಬೇಕಿತ್ತು. ಇಲ್ಲಿ ಉದ್ದಕ್ಕೆ ಮಲಗಿದ್ದವು. ಕಾರು, ಬಸ್ಸಿನ ಚಕ್ರಕ್ಕೆ ಇದರಿಂದ ಏನೂ ಆಗದು. ಸೈಕಲ್ಲಿನ ತೆಳು ಚಕ್ರ ಮಾತ್ರ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೆ ಕೂರಿಸಿದವರಿಗೆ ಸೈಕಲ್ ಮೇಲೆ ದ್ವೇಷವೇನೂ ಇರಲಾರದು. ಇಲ್ಲಿ ಸೈಕಲ್ಲೂ ಬರುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ, ಅಷ್ಟೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ್ದು ಎಪ್ಪತ್ತರ ದಶಕದಲ್ಲಿ. ಮ್ಯಾನೇಜರನ್ನು ಬಿಟ್ಟರೆ ಉಳಿದವರೆಲ್ಲ ಸೈಕಲ್ ಸವಾರರೇ. ಆಗ ಸೈಕಲ್ಲಿಗೂ ಲೈಸೆನ್ಸ್ ಬಿಲ್ಲೆ ಇತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಹಿಂದೊಬ್ಬರನ್ನು ಕೂರಿಸಿಕೊಂಡರೆ ಪೊಲೀಸರು ಹಿಡಿದು ಗಾಳಿ ಬಿಟ್ಟು ಕಳಿಸುತ್ತಿದ್ದರು. ನಮಗದು ಕಾಟ ಎನಿಸುತ್ತಿತ್ತು. ಈಗ ಯೋಚಿಸಿದರೆ, ಅಂದು ಸೈಕಲ್ ಲೆಕ್ಕದಲ್ಲಾದರೂ ಇತ್ತು. ಬ್ಯಾಂಕಿನಲ್ಲಿ ನಾನು ಕಲಿತ ಮೊದಲ ಪಾಠವೇ ಅದು: ಲೆಡ್ಜರಿಗೆ ಏರದ ಹಣ ಹಣವೇ ಅಲ್ಲ. ಇಂದು ನಮ್ಮ ಊರುಗಳ ರಸ್ತೆಯಲ್ಲಿ ಹಾಲಿನವರು, ಪೇಪರ್ ಹುಡುಗರು, ಕಟ್ಟಡ ಕೆಲಸದವರು, ಶಾಲೆಯ ಮಕ್ಕಳು ಸೈಕಲ್ ತುಳಿಯುತ್ತಲೇ ಇದ್ದಾರೆ. ಆದರೆ ಲೆಡ್ಜರಿನಲ್ಲಿ ಅವರ ಹೆಸರಿಲ್ಲ.

ಹೆಸರು ಹತ್ತಿಸಲು ದೊಡ್ಡ ಹೋರಾಟವೇನೂ ಬೇಡ. ನಾನು, ಮೊಮ್ಮಗಳು ಸೇರಿ ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಮಗನ ಜೊತೆ ಒಂದು ರಾಜಿ. ಜಾಲರಿ ಸರಿಯಾಗುವವರೆಗೆ ಅವಳು ಒಳರಸ್ತೆಯಲ್ಲಿ ಹೋಗಬೇಕು, ಜೊತೆಗೆ ನಾನೂ ಹೋಗಬೇಕು. ಮೂಲೆ ಸೇರಿದ್ದ ನನ್ನ ಹಳೇ ಸೈಕಲ್ಲಿಗೆ ಬ್ರೇಕ್ ಕಟ್ಟೆ, ಟ್ಯೂಬು ಹಾಕಿಸಿದ್ದಾಯಿತು.

ಎರಡನೆಯದು, ಅರ್ಜಿ. “ರಸ್ತೆ ಸರಿಯಿಲ್ಲ” ಎಂದು ಬರೆದರೆ ಅದು ಯಾರ ಮೇಜಿಗೂ ಸೇರುವುದಿಲ್ಲ. ಯಾವ ರಸ್ತೆ, ಯಾವ ಅಂಗಡಿಯ ಎದುರು, ಏನು ತೊಂದರೆ, ಏನು ಮಾಡಿದರೆ ಸರಿಹೋಗುತ್ತದೆ, ಈ ನಾಲ್ಕೇ ಸಾಲು. ಜೊತೆಗೊಂದು ಫೋಟೊ. ಅರ್ಜಿಯನ್ನು ಮೊಮ್ಮಗಳೇ ಬರೆದಳು; ನಾನು ಕಾಗುಣಿತ ತಿದ್ದಿದೆ. ಸಂಬಂಧಪಟ್ಟ ಕಚೇರಿಗೆ ಇಬ್ಬರೂ ಹೋಗಿ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬಂದೆವು. ಮಕ್ಕಳೇ, ಸೀಲಿಲ್ಲದ ಅರ್ಜಿ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ.

ಮೂರನೆಯದು, ಎಣಿಕೆ. ಒಂದು ವಾರ ಬೆಳಿಗ್ಗೆ ಅರ್ಧ ಗಂಟೆ ಅವಳೂ ಅವಳ ಇಬ್ಬರು ಗೆಳತಿಯರೂ ಶಾಲೆಯ ಗೇಟಿನ ಬಳಿ ನಿಂತು, ಬರುವ ಸೈಕಲ್ಲುಗಳನ್ನು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಿದರು. ನಾಲ್ಕು ಗೀಟಿಗೆ ಒಂದು ಅಡ್ಡಗೀಟು. ಆ ಪಟ್ಟಿಯನ್ನು ಮೊದಲ ಜ್ಞಾಪನ ಪತ್ರದ ಜೊತೆ ಲಗತ್ತಿಸಿದೆವು. “ತುಂಬಾ ಮಕ್ಕಳು ಬರ್ತಾರೆ” ಎನ್ನುವುದಕ್ಕಿಂತ ದಿನವಾರು ಬರೆದ ಲೆಕ್ಕಕ್ಕೆ ತೂಕ ಹೆಚ್ಚು.

ನಾಲ್ಕನೆಯದು, ನಿಲ್ಲಿಸಲು ಜಾಗ ಕೇಳುವುದು. ದಿನಸಿ ಅಂಗಡಿ, ಲೈಬ್ರರಿ, ಔಷಧಿ ಅಂಗಡಿ ಎಲ್ಲಿಗೆ ಹೋದರೂ “ಸೈಕಲ್ಲಲ್ಲಿ ಬಂದಿದೀನಿ, ಎಲ್ಲಿ ಬೀಗ ಹಾಕಲಿ?” ಎಂದು ಕೇಳುತ್ತೇನೆ. ನಮ್ಮ ದಿನಸಿ ಅಂಗಡಿಯವರು ಮೊದಲು ನಕ್ಕರು. ನಾಲ್ಕನೇ ಸಲಕ್ಕೆ, “ಬನ್ನಿ ಯಜಮಾನ್ರೇ” ಎಂದು ಬಾಗಿಲ ಪಕ್ಕದ ಖಾಲಿ ಡಬ್ಬಗಳನ್ನು ತೆಗೆಸಿ ಜಾಗ ಮಾಡಿದರು. ಈಗ ಅಲ್ಲಿ ಮೂರು ಸೈಕಲ್ ನಿಲ್ಲುತ್ತವೆ.

ಐದನೆಯದು, ನಮ್ಮ ನಡವಳಿಕೆ. ಎಡಗಡೆಯೇ ಹೋಗುವುದು, ತಿರುಗುವ ಮುಂಚೆ ಕೈ ತೋರಿಸುವುದು, ಕೆಂಪು ದೀಪಕ್ಕೆ ನಿಲ್ಲುವುದು, ಕತ್ತಲಾದರೆ ಮುಂದೆ ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್. ಎದುರು ದಿಕ್ಕಿನಲ್ಲಿ ನುಗ್ಗುವ ಒಬ್ಬನಿಂದಾಗಿ ನೂರು ಸವಾರರಿಗೆ ಕೆಟ್ಟ ಹೆಸರು. ಕೇಳುವ ಬಾಯಿ ಶುದ್ಧವಾಗಿರಬೇಕು.

ನಮ್ಮ ಮೈಸೂರಿನಲ್ಲಿ ಇನ್ನೊಂದು ಪ್ರಯತ್ನವೂ ನಡೆದಿದೆ. 2017ರಲ್ಲಿ ಸುಮಾರು 450 ಸೈಕಲ್ಲುಗಳೊಂದಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಶುರುವಾಯಿತು. ಒಂದು ನಿಲ್ದಾಣದಲ್ಲಿ ಕಾರ್ಡು ತೋರಿಸಿ ಸೈಕಲ್ ಪಡೆದು ಇನ್ನೊಂದರಲ್ಲಿ ಬಿಡುವ ವ್ಯವಸ್ಥೆ. ಇಂಥ ಯೋಜನೆಗಳಲ್ಲಿ ನನಗೆ ಹಿಡಿಸುವುದೇನೆಂದರೆ, ತುಳಿದ ಪ್ರತಿ ಸವಾರಿಯೂ ತಾನಾಗಿ ಲೆಕ್ಕಕ್ಕೆ ಏರುತ್ತದೆ. ಬಳಸಿದರೆ ಉಳಿಯುತ್ತದೆ, ಬಳಸದಿದ್ದರೆ “ಯಾರಿಗೂ ಬೇಡ” ಎಂಬ ಷರಾ ಬೀಳುತ್ತದೆ.

“ಇಷ್ಟು ಸಣ್ಣ ಕೆಲಸದಿಂದ ಊರು ಬದಲಾಗುತ್ತಾ ಅಪ್ಪ?” ಎಂದು ಮಗ ಒಂದು ದಿನ ಕೇಳಿದ. ಅವನಿಗೆ ನೆದರ್‌ಲ್ಯಾಂಡ್ಸ್ ಕಥೆ ಹೇಳಿದೆ. ಇಂದು ಸೈಕಲ್ಲಿಗೆ ಹೆಸರಾದ ಆ ದೇಶದಲ್ಲೂ ಒಂದು ಕಾಲಕ್ಕೆ ಕಾರುಗಳದ್ದೇ ಕಾರುಬಾರು. 1971ರ ಒಂದೇ ವರ್ಷದಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಸಂಕಟ ತಡೆಯಲಾರದೆ ಅಪ್ಪ ಅಮ್ಮಂದಿರು ಬೀದಿಗಿಳಿದರು. ಆಮ್‌ಸ್ಟರ್‌ಡ್ಯಾಮಿನ ಒಂದು ಬಡಾವಣೆಯ ಮಕ್ಕಳೇ, ನಮ್ಮ ಬೀದಿಯನ್ನು ಆಟಕ್ಕೆ ಬಿಟ್ಟುಕೊಡಿ ಎಂದು ಹಟ ಹಿಡಿದರು. ಇಂದಿನ ಸೈಕಲ್ ಹಾದಿಗಳ ಹಿಂದೆ ಅಂಥ ಮನೆಮಂದಿಯ ಒತ್ತಾಯವಿದೆ. ಮಗ ಏನೂ ಹೇಳಲಿಲ್ಲ. ಆದರೆ ಆ ಭಾನುವಾರ ಮಗಳ ಸೈಕಲ್ಲಿನ ಚೈನಿಗೆ ತಾನೇ ಎಣ್ಣೆ ಬಿಟ್ಟ.

ಎರಡು ಜ್ಞಾಪನ ಪತ್ರಗಳಾದ ಮೇಲೆ, ಆಗಸ್ಟ್ ತಿಂಗಳಲ್ಲಿ ಒಂದು ಬೆಳಿಗ್ಗೆ ಇಬ್ಬರು ಕೆಲಸಗಾರರು ಬಂದರು. ಹಳೇ ಜಾಲರಿಯ ಮೇಲೆ ಅಡ್ಡಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನಿಟ್ಟು ವೆಲ್ಡ್ ಮಾಡಿದರು. ಅರ್ಧ ಗಂಟೆಯ ಕೆಲಸ. ಮೊಮ್ಮಗಳು ಮನೆಯಿಂದ ಅವರಿಗೆ ಕಾಫಿ ತಂದುಕೊಟ್ಟಳು. ಕಚೇರಿಗೂ ಒಂದು ಧನ್ಯವಾದದ ಪತ್ರ ಬರೆದಳು. ಇದು ಆರನೆಯದು. ದೂರು ಬರೆದ ಕೈ ಧನ್ಯವಾದವನ್ನೂ ಬರೆಯಬೇಕು. ಮುಂದಿನ ಅರ್ಜಿಗೆ ಅದೇ ಠೇವಣಿ.

ಬಾಕಿ ಇನ್ನೂ ಇದೆ. ಶಾಲೆಯ ಎದುರಿನ ರಸ್ತೆಯಲ್ಲಿ ವಾಹನಗಳ ವೇಗ ಇಳಿಸಲು ಉಬ್ಬು ಬೇಕೆಂಬ ಅರ್ಜಿ ಎರಡು ತಿಂಗಳಿಂದ ಕೂತಿದೆ. ಅದರ ನಕಲು, ಸೀಲು, ತಾರೀಕು ಎಲ್ಲವೂ ಮೊಮ್ಮಗಳ ಫೈಲಿನಲ್ಲಿ ಭದ್ರ. ಜಾಲರಿ ಸರಿಯಾದ ಮೇಲೆ ರಾಜಿಯ ಪ್ರಕಾರ ಅವಳೀಗ ಒಬ್ಬಳೇ ಹೋಗುತ್ತಾಳೆ. ಮೊದಲ ದಿನ ನಾನು ಗೇಟಿನ ಹತ್ತಿರವೇ ನಿಂತಿದ್ದೆ. ತಿರುವಿನಲ್ಲಿ ಕೈ ತೋರಿಸಿ, ಬೆಲ್ ಹೊಡೆದು, ಎಡಕ್ಕೆ ತಿರುಗಿದಳು.

ನನ್ನ ಹಳೇ ಸೈಕಲ್ ಮತ್ತೆ ಮೂಲೆ ಸೇರಿಲ್ಲ. ಬೆಳಗಿನ ಹಾಲು ತರುವುದು ಈಗ ಅದರಲ್ಲೇ.